ಒಗ್ಗರಣೆ ಬಿದ್ದ ಕೋಳಿಮೇವು

ಕೋಳಿಮೇವಿನಲ್ಲಿ ರೋಗಾಣು ಬೆಳೆಯದಂತೆ ಬೆರೆಸುವ ಆಮ್ಲಕ್ಕೆ ಪರವಾನಗಿ ಕೊಡುವ ಅಧಿಕಾರಿ, ಆ ಮೇವನ್ನು ನಲವತ್ತು ದಿನ ಬಿಡದೆ ತಾನೇ ತಿನ್ನಬೇಕು. ಈ ಕಾನೂನು ಬಂದ ಮೇಲೆ ಇಲಾಖೆಯಲ್ಲಿ ಉಳಿದವರು ಐದೇ ಜನ. ಅವರಲ್ಲೊಬ್ಬರು ದಾಕ್ಷಾಯಣಿ ಮೇಡಂ. ಮೂವತ್ತೊಂಬತ್ತನೆಯ ದಿನವೂ ಅವರು ಸಮಯಕ್ಕೆ ಸರಿಯಾಗಿ ಆ ಆಮ್ಲ ತಯಾರಿಸಲು ಪರವಾನಗಿ ಕೇಳಿದ್ದ ನೇಮಿರಾಜನ ಮನೆಗೆ ಬಂದು ಮೇವಿನ ತಟ್ಟೆಯ ಮುಂದೆ ಕೂತರು. ನಾಡಿದ್ದು ತನ್ನ ಕಾರ್ಖಾನೆಯ ಬೀಗ ತೆಗೆಯಬಹುದೆಂದು ನೇಮಿರಾಜ ಹಿಗ್ಗಿದ್ದ.

ಎರಡನೆಯ ತುತ್ತಿಗೆ ಮೇಡಂ ಬಾಯಿಂದ ಕರಿಬೇವಿನ ಎಲೆಯೊಂದನ್ನು ತೆಗೆದು ತಟ್ಟೆಯಂಚಿಗಿಟ್ಟರು. “ಇದೇನ್ರೀ?”

ನೇಮಿರಾಜನ ಹೆಂಡತಿ ಪದ್ಮಲತಾ ಸೆರಗು ತಿರುಚಿದಳು. “ಒಂದು ಒಗ್ಗರಣೆ ಕೊಟ್ಟೆ ಮೇಡಂ. ಮನೆಗೆ ಬಂದವರಿಗೆ ದಿನಾ ಹಾಗೇ ಬಡಿಸೋಕೆ ಮನಸ್ಸಾಗಲಿಲ್ಲ.”

“ಬಿಸಿಗೆ ಆಮ್ಲವೂ ಹೋಯ್ತು, ರೋಗಾಣುವೂ ಹೋಯ್ತು. ಇನ್ನು ನಾನು ಏನನ್ನ ಪರೀಕ್ಷೆ ಮಾಡಲಿ ತಾಯಿ?”

“ಒಂದೇ ದಿನ ತಾನೇ, ಬಿಟ್ಟುಬಿಡಿ ಮೇಡಂ,” ನೇಮಿರಾಜ ಕೈಮುಗಿದ. “ಕೋಳಿ ಏನು ಕೇಳೋಕೆ ಬರುತ್ತಾ?”

“ಬರಲ್ಲ ಅಂತಲೇ ಅಲ್ವೇನ್ರೀ ನನ್ನನ್ನ ಕಳಿಸಿರೋದು?”

ರುಚಿಯಾಗಿದೆಯೆಂದು ಹೇಳಿ, ಮೇಡಂ ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿಂದರು. ಆಮೇಲೆ ಎದ್ದು, ಮೇವಿನ ಚೀಲದಿಂದ ಒಗ್ಗರಣೆಯಿಲ್ಲದ ಮೇವನ್ನು ಹಿಡಿ ತುಂಬ ತೆಗೆದು, ಮತ್ತೆ ಕೂತು ಬಾಯಿಗೆ ಹಾಕಿಕೊಂಡರು.

“ಇವತ್ತು ಒಂದನೇ ದಿನ. ಬರ್ಕೊಳ್ಳಿ.”

ನೇಮಿರಾಜ ಬರೆದುಕೊಂಡ. ಆಮೇಲೆ ಅವರೆದುರು ಕೂತು, ತನಗೂ ಒಂದು ಹಿಡಿ ಹಾಕೆಂದು ಹೆಂಡತಿಯತ್ತ ತಟ್ಟೆ ಚಾಚಿದ.