ಬೆನ್ನ ಹಿಂದಿನ ಕೈ

ಶುಕ್ರವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ ದೀಕ್ಷಿತ್ ಒಂದು ಕ್ಯಾಚ್ ಬಿಟ್ಟ. ಕೊಲ್ಲಿ ನಾಡಿನ ರಾಸ್ ತನೂರಾದಲ್ಲಿ ಕೆಲಸಗಾರರ ಕ್ಯಾಂಪಿನ ಹಿಂದಿರುವ ಬೇಸ್‌ಬಾಲ್ ಮೈದಾನದ ಸುತ್ತ ನಿಂತಿದ್ದ ಊರ ಕಡೆಯವರೆಲ್ಲ ತಲೆಯ ಮೇಲೆ ಕೈ ಇಟ್ಟುಕೊಂಡರು. ತಂಡ ನಡೆಸುವ ನಿಸಾರ್ ಬೆಂಚಿನಿಂದೆದ್ದು ಕೂಗಿಯೇಬಿಟ್ಟ: "ಎಂತ ಮಾರಾಯ ಅದು! ಕೈಗೇ ಬಂದದ್ದನ್ನು ಬಿಡುವುದಾ?"

ಅವನ ಸಿಟ್ಟಿಗೆ ಬೇರೆ ಕಾರಣವೂ ಇತ್ತು. ಮೈದಾನದ ಎಡತುದಿಯಲ್ಲಿ ದೀಕ್ಷಿತ್, ಬಲತುದಿಯಲ್ಲಿ ಫವಾಝ್. ಇಬ್ಬರೂ ಒಂದೇ ಗುತ್ತಿಗೆ ಕಂಪನಿಯ ಪೈಪ್ ಫಿಟ್ಟರ್‌ಗಳು. ಊರಲ್ಲಿ ಕ್ರಿಕೆಟ್ ಆಡುವಾಗ ಬೌಂಡರಿ ಕಾಯುತ್ತಿದ್ದವರು, ಈ ಆಟವನ್ನು ಕ್ಯಾಂಪಿನ ಫಿಲಿಪಿನೋಗಳಿಂದ ಕಲಿತವರು. ಓಟ ಒಂದೇ, ಎಸೆತ ಒಂದೇ. ಈ ವರ್ಷ ಹಿಡಿದ ಕ್ಯಾಚುಗಳೂ ಸಮ. ಇಬ್ಬರಲ್ಲಿ ಒಬ್ಬ ಭಾನುವಾರ ರಾಸ್ ಅಲ್ ಖೈರ್ ಸೈಟಿಗೆ ಹೋಗಬೇಕಿತ್ತು. ಅಲ್ಲಿ ತಂಡವಿಲ್ಲ, ಮೈದಾನವಿಲ್ಲ, ಶುಕ್ರವಾರ ಮಾತಾಡಲು ಊರಿನವರೂ ಇಲ್ಲ. "ಕೆಲಸದಲ್ಲಿ ಇಬ್ಬರೂ ಒಂದೇ. ಆಟಕ್ಕೆ ನಿನಗೆ ಯಾರು ಬೇಕೋ ಅವನನ್ನು ಇಟ್ಟುಕೋ" ಎಂದು ಫೋರ್‌ಮನ್ ಆ ಹೊಣೆಯನ್ನು ನಿಸಾರನ ಹೆಗಲಿಗೆ ದಾಟಿಸಿದ್ದ. ಬೆಳಿಗ್ಗೆ ಉಳ್ಳಾಲದಿಂದ ಹೆಂಡತಿ ಝೀನತ್ ಫೋನ್ ಮಾಡಿದ್ದಳು. ಫವಾಝ್ ಅವಳ ತಮ್ಮ.

"ಇಬ್ಬರೂ ಸಮ ಅಂತ ನೀವೇ ಹೇಳಿದ್ದಲ್ವಾ? ಸಮ ಇದ್ರೆ ನಮ್ಮವನೇ ಉಳೀಲಿ."

ಪಂದ್ಯ ನೋಡಿ ತೀರ್ಮಾನಿಸೋಣವೆಂದು ನಿಸಾರ್ ಬಂದು ಕೂತಿದ್ದ.

ಅರ್ಧ ಗಂಟೆಯ ಹಿಂದೆ ಫವಾಝ್ ಹಿಡಿದ ಕ್ಯಾಚ್ ಕಂಡು ಅವನ ಎದೆ ಹಗುರಾಗಿತ್ತು. ನೆಲಕ್ಕೆ ಇನ್ನೇನು ಬಡಿಯಬೇಕು ಎನ್ನುವ ಚೆಂಡನ್ನು ಹುಡುಗ ಉದ್ದಕ್ಕೆ ಹಾರಿ ಹಿಡಿದು, ಬಾಯಿ ತುಂಬ ಮರಳಿನೊಂದಿಗೆ ಎದ್ದು, ಊರಿನ ಅಭ್ಯಾಸದಂತೆ ಅದನ್ನು ಆಕಾಶಕ್ಕೆ ಎಸೆದು ಕುಣಿದ. ಕ್ರಿಕೆಟಿನಲ್ಲಾದರೆ ಕ್ಯಾಚ್ ಹಿಡಿದಲ್ಲಿಗೆ ಕಥೆ ಮುಗಿಯಿತು. ಇಲ್ಲಿ ಹಾಗಲ್ಲ. ಓಟದ ದಾರಿಯ ಮೂರನೇ ಬೇಸಿನಲ್ಲಿ ಕಾಯುತ್ತ ನಿಂತ ಎದುರಾಳಿ, ಚೆಂಡು ಕೈಸೇರಿದ ಕ್ಷಣದಿಂದ ಓಡಬಹುದು. ಚೆಂಡಿಗಿಂತ ಮೊದಲು ಮನೆ, ಅಂದರೆ ಬ್ಯಾಟರ್ ನಿಲ್ಲುವ ಜಾಗ, ಮುಟ್ಟಿದರೆ ಒಂದು ರನ್. ಆತ ಮುಟ್ಟಿದ. ಫವಾಝ್ ಕುಣಿದು ಮುಗಿಸುವಷ್ಟರಲ್ಲಿ ಪಂದ್ಯ ಸಮವಾಗಿತ್ತು.

"ಅಂಥಾ ಕ್ಯಾಚಿಗೆ ಒಂದು ರನ್ ಹೋದ್ರೆ ಹೋಗ್ಲಿ ಬಿಡಿ" ಎಂದಿದ್ದ ಪಕ್ಕದಲ್ಲಿ ಕೂತ ಸ್ಟೋರ್‌ಕೀಪರ್ ಶೇಖರ. ನಿಸಾರನಿಗೂ ಹಾಗೇ ಅನಿಸಿತ್ತು.

ಈಗ ಕೊನೆಯ ಸರದಿ. ಬ್ಯಾಟ್ ಎದುರಾಳಿಗಳದು, ಇನ್ನಿಬ್ಬರನ್ನು ಔಟ್ ಮಾಡಬೇಕಿತ್ತು, ಮೂರನೇ ಬೇಸಿನಲ್ಲಿ ಮತ್ತೊಬ್ಬ ಸಿದ್ಧನಾಗಿ ನಿಂತಿದ್ದ. ಅವನು ಮನೆ ಮುಟ್ಟಿದರೆ ಪಂದ್ಯ ಮುಗಿದಂತೆ. ಆಗಲೇ ಚೆಂಡು ಎಡಗಡೆಯ ಗೆರೆಯಾಚೆಗೆ, ಬಹಳ ದೂರಕ್ಕೆ ಏರಿದ್ದು. ದೀಕ್ಷಿತ್ ಓಡಿದ, ಸರಿಯಾಗಿ ಅದರ ಕೆಳಗೇ ನಿಂತ. ಚೆಂಡು ಅವನ ಎದುರೇ ದೊಪ್ಪನೆ ಬಿತ್ತು.

"ಕೂತ್ಕೊಳ್ಳಿ ನಿಸಾರ್ ಭಾಯ್" ಎಂದ ಶೇಖರ. ಅವನ ದನಿ ತಗ್ಗಿತ್ತು. "ಅಲ್ಲಿ, ಮೂರನೇ ಬೇಸ್ ನೋಡಿ."

ಬೇಸಿಗೆ ಒಂದು ಕಾಲು ಒತ್ತಿ, ಬಾಗಿ, ಓಡಲು ಕಾಯುತ್ತಿದ್ದವನು ನಿಧಾನಕ್ಕೆ ನೆಟ್ಟಗಾದ. ಹೆಲ್ಮೆಟ್ ತೆಗೆದು ಎಡತುದಿಯನ್ನೇ ನೋಡತೊಡಗಿದ. ಗೆರೆಯಾಚೆ ನೆಲಕ್ಕೆ ಬಿದ್ದ ಚೆಂಡಿಗೆ ಓಡುವಂತಿಲ್ಲ. ದೀಕ್ಷಿತ್ ಅದನ್ನು ಹಿಡಿದಿದ್ದರೆ ಬ್ಯಾಟರ್ ಔಟ್, ನಿಜ. ಆದರೆ ಅಷ್ಟು ದೂರದಿಂದ ಯಾರ ಎಸೆತವೂ ಆ ಓಟಗಾರನಿಗಿಂತ ಮೊದಲು ಮನೆ ಸೇರುತ್ತಿರಲಿಲ್ಲ. ಹಿಡಿದಿದ್ದರೆ ಸೋಲುತ್ತಿದ್ದರು.

ನಿಸಾರ್ ಕೂತ. ನಿಯಮ ಅವನಿಗೂ ಗೊತ್ತಿತ್ತು. ಇಬ್ಬರಿಗೂ ಅದನ್ನು ಬಿಡಿಸಿ ಹೇಳಿದವನೇ ಅವನು. ಆದರೂ ಬಾಯಿ ಕೂಗಿತ್ತು. ಉಳ್ಳಾಲದ ಕಡಲದಂಡೆಯ ಕಡಪ್ಪುರದಲ್ಲಿ ಕ್ಯಾಚ್ ಬಿಟ್ಟವನಿಗೆ ಮರುದಿನ ಬ್ಯಾಟ್ ಕೊಡುತ್ತಿರಲಿಲ್ಲ. ದೀಕ್ಷಿತ್ ಬೆಳೆದ ಮಲ್ಪೆಯಲ್ಲೂ ಬೇರೆ ನ್ಯಾಯ ಇದ್ದಿರಲಾರದು. ಮೇಲಿನಿಂದ ಬೀಳುವ ಚೆಂಡಿಗೆ ಅಲ್ಲಿಯ ಹುಡುಗರ ಕೈ ತಾನಾಗಿ ಹೋಗುತ್ತದೆ, ದೂಳಿಗೆ ರೆಪ್ಪೆ ಮುಚ್ಚಿದ ಹಾಗೆ. ಅಂಥವನು ಚೆಂಡು ಇಳಿಯುವಷ್ಟರಲ್ಲಿ ಗೆರೆ ನೋಡಿದ್ದ, ಓಟಗಾರನನ್ನು ನೋಡಿದ್ದ, ತನ್ನ ತೋಳಿನ ಬಲವನ್ನೂ ಅಳೆದಿದ್ದ. ಆಮೇಲೆ, ನಿಸಾರನಿಗೆ ಈಗ ಕಣ್ಣಿಗೆ ಕಟ್ಟಿತು, ಗ್ಲೌಸ್ ತೊಟ್ಟ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದ.

ಮುಂದಿನ ಎಸೆತಕ್ಕೆ ಬ್ಯಾಟರ್ ಗಾಳಿಗೆ ಬೀಸಿ, ಮೂರನೇ ತಪ್ಪಿಗೆ ಔಟಾದ. ಅವನ ಹಿಂದೆ ಬಂದವನೂ ಉಳಿಯಲಿಲ್ಲ. ಪಂದ್ಯ ಸಮದಲ್ಲೇ ಉಳಿದು ಇನ್ನೊಂದು ಸರದಿಗೆ ಹೋಯಿತು. ಆಟಗಾರರು ನೀರಿಗೆಂದು ಬೆಂಚಿನತ್ತ ಬಂದರು.

"ಕೈ ಯಾಕೆ ಹಿಂದೆ ಇಟ್ಟೆ?" ನಿಸಾರ್ ಕೇಳಿದ.

ದೀಕ್ಷಿತ್ ಬಾಟಲಿ ಬಾಯಿಂದ ತೆಗೆದ. "ಮುಂದೆ ಇದ್ದಿದ್ರೆ ಹಿಡೀತಿತ್ತು ಭಾಯ್. ನನ್ನ ಮಾತು ಕೇಳ್ತಿರ್ಲಿಲ್ಲ."

ಹಿಂದಿನಿಂದ ಫವಾಝ್ ನಗುತ್ತ ಬಂದು ದೀಕ್ಷಿತನ ಬೆನ್ನಿಗೆ ಗುದ್ದಿದ. "ಲಡ್ಡುವಿನ ಹಾಗೆ ಬಂದದ್ದನ್ನು ಬಿಟ್ಟೆಯಲ್ಲ ಮಾರಾಯ!" ಆಮೇಲೆ ನಿಸಾರನ ಕಡೆ ತಿರುಗಿದ. "ಭಾವ, ನಾನಾಗಿದ್ರೆ ಕಣ್ಣು ಮುಚ್ಚಿ ಹಿಡೀತಿದ್ದೆ."

"ಗೊತ್ತು" ಎಂದ ನಿಸಾರ್.

ಭಾನುವಾರ ಬೆಳಿಗ್ಗೆ ರಾಸ್ ಅಲ್ ಖೈರ್‌ಗೆ ಹೊರಟ ಕಂಪನಿ ಬಸ್ಸಿನಲ್ಲಿ ಫವಾಝ್ ಇದ್ದ.