ಪಾತ್ರೆಯ ಅಡಿಯ ಹೆಸರು

ಭಾನುವಾರ ಸಂಜೆ, ಗಂಡ ಕ್ಲೈಡ್ ಮರೆತುಬಿಟ್ಟಿದ್ದ ಮಡಚುವ ಕುರ್ಚಿಗಳನ್ನು ಇಳಿಸಲೆಂದು ಅರ್ಲೀನ್ ಕಾರಿನ ಡಿಕ್ಕಿ ತೆರೆದರೆ, ಕುರ್ಚಿಗಳ ಹಿಂದೆ ಅವನ ಹಳೆಯ ಕೋಟು ಹೊದ್ದು ಒಂದು ಗಾಜಿನ ಪಾತ್ರೆ ಕೂತಿತ್ತು. ಮುಚ್ಚಳವಿತ್ತು, ಭಾರವಾಗಿತ್ತು. ಎತ್ತಿ ಅಡಿಯನ್ನು ನೋಡಿದಳು. ಚರ್ಚಿನ ಭಾನುವಾರದ ಊಟಕ್ಕೆ ಅಡುಗೆ ಒಯ್ಯುವಾಗ ಪಾತ್ರೆ ಅದಲುಬದಲಾಗದಿರಲೆಂದು ಅಲ್ಲಿಯ ಹೆಂಗಸರೆಲ್ಲ ಅದರ ತಳಕ್ಕೆ ಬಿಳಿ ಪಟ್ಟಿ ಅಂಟಿಸಿ ಹೆಸರು ಬರೆಯುತ್ತಾರೆ. ಈ ಪಟ್ಟಿಯ ಮೇಲೆ ದುಂಡನೆಯ ಅಕ್ಷರಗಳಲ್ಲಿ 'ಡೋರೀನ್ ಟಟ್ಲ್' ಎಂದಿತ್ತು.

ಡೋರೀನ್ ಎಂದರೆ ಮೂರು ಮನೆ ಆಚೆಯ ವಿಧವೆ. ವಯಸ್ಸು ಮೂವತ್ತೆಂಟು, ಸೊಂಟ ಅರ್ಲೀನಳ ಅಂದಾಜಿನಲ್ಲಿ ಇಪ್ಪತ್ತನಾಲ್ಕು ಅಂಗುಲ. ಕಳೆದ ವಾರವಷ್ಟೇ ಟಿವಿಯ ಹಾಸ್ಯ ಧಾರಾವಾಹಿಯಲ್ಲಿ ಗಂಡನ ಕಾಲರಿನ ಮೇಲೆ ಲಿಪ್‌ಸ್ಟಿಕ್ ಕಂಡ ಹೆಂಡತಿ ರಂಪ ಎಬ್ಬಿಸಿದಾಗ ಅರ್ಲೀನ್ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು. ಈಗ ನಗು ಬರಲಿಲ್ಲ. ಲಿಪ್‌ಸ್ಟಿಕ್ಕಾದರೆ ಹೇಗೋ ತಗುಲಿತು ಎನ್ನಬಹುದು. ಆದರೆ ಅವಳು ಬೇಯಿಸಿ, ಮುಚ್ಚಿ ಕೊಡುವುದು, ಇವನು ಕೋಟು ಹೊದಿಸಿ ಬಚ್ಚಿಡುವುದು! ಹದಿನಾಲ್ಕು ವರ್ಷದ ಸಂಸಾರ ಮುಗಿದೇ ಹೋಯಿತು ಎಂದುಕೊಂಡಳು.

ಒಳಗೆ ಬಂದವಳೇ ಪಾತ್ರೆಯನ್ನು ಊಟದ ಮೇಜಿನ ಮೇಲೆ ದಡಕ್ಕನೆ ಇಟ್ಟಳು. ಪಕ್ಕದ ಕೋಣೆಯ ಟಿವಿಯಲ್ಲಿ ಜನ ಗೊಳ್ಳೆಂದು ನಕ್ಕರು.

"ಕ್ಲೈಡ್ ಹೆನ್ರಿ ಮಾಪಿನ್, ಬಾ ಇಲ್ಲಿ!"

ಪೂರ್ತಿ ಹೆಸರು ಬಂತೆಂದರೆ ಗ್ರಹಚಾರ ಕೆಟ್ಟಿತೆಂದು ಕ್ಲೈಡ್‌ಗೆ ಗೊತ್ತು. ಬಂದು ಪಾತ್ರೆ ನೋಡಿದ. ಮುಖ ಬಿಳಿಚಿಕೊಂಡಿತು.

"ಎಷ್ಟು ದಿನದಿಂದ ನಡೀತಿದೆ ಇದು?"

"ಆರು ವರ್ಷ," ಎಂದುಬಿಟ್ಟ ಪಾಪ.

"ಆರು ವರ್ಷ! ಆ ಸಂಭಾವಿತೆ ದಿನಾ ನಂಗೆ ಕೈ ಬೀಸಿ ನಗ್ತಾಳೆ!"

"ಅವಳದ್ದೇನೂ ತಪ್ಪಿಲ್ಲ ಚಿನ್ನ. ಏನೋ ಸಹಾಯ ಮಾಡ್ತಾಳೆ ಅಷ್ಟೆ."

"ಸಹಾಯವಂತೆ ಸಹಾಯ! ನನ್ನ ಕೈಯಡುಗೆ ಬಿಟ್ಟು ಅದೇನು ಅಮೃತ ತಿಂತಿದೀಯೋ ನೋಡೇಬಿಡ್ತೀನಿ."

"ಬೇಡ ಅರ್ಲೀನ್! ನಿನ್ನ ದಮ್ಮಯ್ಯ, ತಿನ್ನಬೇಡ!"

ಅರ್ಲೀನ್ ಮುಚ್ಚಳ ತೆಗೆದಳು. ಆ ಬೀದಿಯ ಎಲ್ಲ ಮನೆಗಳಲ್ಲೂ ಮಾಡುವ ಟ್ಯೂನಾ ಮೀನು, ನೂಡಲ್ಸು, ಡಬ್ಬಿಯ ಸೂಪು ಬೆರೆಸಿ ಬೇಯಿಸಿದ್ದು. ಅದನ್ನು ತನ್ನಷ್ಟು ಚೆನ್ನಾಗಿ ಮಾಡುವವರಿಲ್ಲವೆಂದು ಅರ್ಲೀನಳ ಹೆಮ್ಮೆ; ಚರ್ಚಿನಿಂದ ಅವಳ ಪಾತ್ರೆ ಪ್ರತಿ ಸಲವೂ ಬಳಿದಿಟ್ಟಂತೆ ಖಾಲಿಯಾಗಿ ಬರುತ್ತಿತ್ತು. ಅವಳು ಮಾತ್ರ ಅದನ್ನು ಬಾಯಿಗಿಡದೆ, ಮೈ ಇಳಿಸಲೆಂದು ಮದುವೆಯಾದಂದಿನಿಂದ ಸಪ್ಪೆ ಪನೀರು, ಅರ್ಧ ಪೀಚ್ ಹಣ್ಣಿನಲ್ಲೇ ಇದ್ದಳು. ಈಗ ಫೋರ್ಕಿನ ತುಂಬ ತೆಗೆದು ಬಾಯಿಗಿಟ್ಟಳು.

"ಥೂ! ಗೋಡೆಗೆ ಕಾಗದ ಅಂಟಿಸೋ ಗೋಂದು! ಇದಕ್ಕೋಸ್ಕರ ನನ್ನನ್ನ ಬಿಟ್ಟೆಯಾ? ನಾಯಿಗೆ ಹಾಕಿದ್ರೆ ನಾಯಿ ಮನೆ ಬಿಟ್ಟು ಓಡತ್ತೆ!"

ಬೈಯಲು ಇನ್ನಷ್ಟು ಬೇಕೆಂದು ಅವಳು ಎರಡನೆಯ ತುತ್ತು ತೆಗೆದುಕೊಂಡಳು. ಹಲ್ಲಿಗೆ ಮೆತ್ತಗೆ ಏನೋ ಸಿಕ್ಕಿತು. ಒಣದ್ರಾಕ್ಷಿ. ಆ ಬೀದಿಯಲ್ಲಿ, ಬಹುಶಃ ಇಡೀ ಒಹಾಯೋದಲ್ಲಿ, ಮೀನಿಗೆ ಒಣದ್ರಾಕ್ಷಿ ಹಾಕುವವಳು ಒಬ್ಬಳೇ ಒಬ್ಬಳು.

ಅರ್ಲೀನ್ ಮೆಲ್ಲಗೆ ಕುರ್ಚಿಯ ಮೇಲೆ ಕುಳಿತಳು. "ಇದು ನಂದು."

"ಹೂಂ. ಚರ್ಚಲ್ಲಿ ಇದನ್ನ ಯಾರೂ ಮುಟ್ಟಲ್ಲ ಚಿನ್ನ. ತುಂಬಿದ ಪಾತ್ರೆ ನೋಡಿ ನಿನ್ನ ಮುಖ ಸಣ್ಣಗಾಗೋದು ನಂಗೆ ನೋಡೋಕಾಗಲ್ಲ. ಡೋರೀನ್ ಅಲ್ಲಿ ಪಾತ್ರೆ ತೊಳೆಯೋಕೆ ನಿಲ್ತಾಳಲ್ಲ, ಇದನ್ನ ತನ್ನ ಪಾತ್ರೆಗೆ ಸುರಿದು ನಿನ್ನದನ್ನ ತೊಳೆದಿಡ್ತಾಳೆ. ನಾನು ಡಿಕ್ಕಿಗೆ ಸಾಗಿಸ್ತೀನಿ."

"ಆಮೇಲೆ ಕಸಕ್ಕೆ ಎಸೀತೀಯಾ?"

"ಎಸೆಯೋದಾ? ನೀನು ಶನಿವಾರವೆಲ್ಲ ನಿಂತು ಮಾಡಿದ್ದನ್ನ? ಬುಧವಾರದ ತನಕ ಆಫೀಸಲ್ಲಿ ಅದೇ ನನ್ನ ಊಟ."

ಅರ್ಲೀನಳಿಗೆ ಅಳು, ನಗು ಒಟ್ಟಿಗೇ ಬಂದವು. ಅಡುಗೆಯ ಮಾನ ಹೋಯಿತು, ಗಂಡ ಉಳಿದ. ಒಳಗೊಳಗೇ ಲೆಕ್ಕ ಹಾಕಿದರೆ ಸಂತೋಷದ ಕಡೆಗೇ ತಕ್ಕಡಿ ವಾಲಿತು.

"ಇಷ್ಟು ವರ್ಷ ಬಾಯಿ ಹೊಲಿದುಕೊಂಡಿದ್ದೆಯಲ್ಲೋ ಮಹರಾಯ!" ಎಂದು ಕಣ್ಣೊರೆಸಿಕೊಂಡಳು. ಮೇಜಿನ ಮೇಲಿದ್ದ ತನ್ನ ಪನೀರಿನ ತಟ್ಟೆಯನ್ನು ಆಚೆ ತಳ್ಳಿ, ಡೋರೀನಳ ಪಾತ್ರೆಯಿಂದ ಇಬ್ಬರಿಗೂ ಸಮವಾಗಿ ಬಡಿಸಿದಳು. "ಕೂತ್ಕೋ. ಬುಧವಾರದ ತನಕ ಯಾಕೆ, ಇಬ್ಬರೂ ಸೇರಿ ಇವತ್ತೇ ಮುಗಿಸೋಣ."

ಕ್ಲೈಡ್ ಕುಳಿತ. ಹೆಂಡತಿಯ ಮುಖವನ್ನೊಮ್ಮೆ ನೋಡಿದ. ಆಮೇಲೆ ಧೈರ್ಯ ಮಾಡಿ, ಫೋರ್ಕಿನ ತುದಿಯಿಂದ ಒಣದ್ರಾಕ್ಷಿಗಳನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಜೋಡಿಸತೊಡಗಿದ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಅವಳ ಕಣ್ಣೆದುರಿಗೇ.