ಬೆಚ್ಚಗಿನ ತೊಟ್ಟಿಲು

"ಕೂಸಿನ ತೊಟ್ಟಿಲದಾಗ ಹಾವು ಇಟ್ಟು ಹೋಗೀಯಲ್ಲೋ! ನೀ ಮನಷ್ಯಾ ಏನೋ ಶಿವರಾಜ? ನಿನ್ನ ಎದಿಯಾಗ ದೇವರು ಏನು ಕಲ್ಲು ಇಟ್ಟಾನೇನೋ?"

ರಾಂಜಣಗಾಂವದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಪುಣೆಯ ಮನೆಗೆ ಬಂದ ಶಿವರಾಜ ಇನ್ನೂ ಬೂಟು ಕಳಚಿರಲಿಲ್ಲ. ಎದುರಿಗೆ ಭೀಮವ್ವ ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು. ಅವನಿಗೆ ಅಕ್ಕನೂ ಅವಳೇ, ಅತ್ತೆಯೂ ಅವಳೇ. ಮಗಳು ತ್ರಿವೇಣಿಯನ್ನು ಹೊರಗಿನವರಿಗೆ ಕೊಡಲು ಮನಸ್ಸು ಬಾರದೆ ಸ್ವಂತ ತಮ್ಮನಿಗೇ ಕೊಟ್ಟಿದ್ದಳು. ಈಗ ಮಗಳ ಬಾಣಂತನಕ್ಕೆಂದು ತನ್ನೂರು ಇಂಡಿಯಿಂದ ಬಂದಿದ್ದಳು. ಕೂಸಿಗೆ ಇಪ್ಪತ್ತು ದಿನ.

ನಿನ್ನೆ ಸಂಜೆ ಹೋದ ಕರೆಂಟು ಬೆಳಗಾದರೂ ಬಂದಿರಲಿಲ್ಲ. ಲೋಡ್ ಶೆಡ್ಡಿಂಗ್ ಆದರೆ ನಾಲ್ಕು ತಾಸಿಗೆ ಬರುತ್ತಿತ್ತು. ಇದು ಟ್ರಾನ್ಸ್‌ಫಾರ್ಮರೇ ಸುಟ್ಟ ಕತೆ. ಡಿಸೆಂಬರಿನ ಚಳಿ ಬೇರೆ. ಶಿವರಾಜ ಸಾಕಿದ್ದ ಹೊರದೇಶದ ಎರಡು ಹೆಬ್ಬಾವಿನ ಮರಿಗಳು ಗಾಜಿನ ಪೆಟ್ಟಿಗೆಯಲ್ಲಿ ಬಲ್ಬಿನ ಕಾವಿನಿಂದಲೇ ಬದುಕುತ್ತಿದ್ದವು. ಭೀಮವ್ವ ಊರಿನ ಪದ್ಧತಿಯಂತೆ ತೊಟ್ಟಿಲ ಕೆಳಗೆ ಶೇಗಡಿಯಲ್ಲಿ ಕೆಂಡ ಹಾಕಿಟ್ಟು ಅಡುಗೆಮನೆಯಲ್ಲಿ ಮಲಗಿದ್ದಳು. ಬೆಳಿಗ್ಗೆ ಎದ್ದು ಎರೆಯಲೆಂದು ಕೂಸನ್ನು ಎತ್ತಿಕೊಂಡಳು. ಕೌದಿಯ ಅಡಿಯಲ್ಲಿ ಬಾಯಿ ಕಟ್ಟಿದ ತಲೆದಿಂಬಿನ ಚೀಲವೊಂದು ಮೆಲ್ಲಗೆ ಹೊರಳಿತು.

"ನಮ್ಮವ್ವನ ಆಣೆ ಅಕ್ಕಾ, ನಾ ಇಟ್ಟಿಲ್ಲ."

"ಸುಳ್ಳು ಬೊಗಳಬ್ಯಾಡ! ಅವೇ ತೆವಳಿಕೊಂಡು ಬಂದು, ಚೀಲದಾಗ ಹೊಕ್ಕು, ತಾವೇ ಬಾಯಿ ಕಟಗೊಂಡುವೇನು?"

"ನಾನೇ ಇಟ್ಟೀನಿ, ಯವ್ವಾ."

ಬಚ್ಚಲ ಬಾಗಿಲಲ್ಲಿ ತ್ರಿವೇಣಿ ನಿಂತಿದ್ದಳು. ಹಸಿ ತಲೆಗೆ ಅರಿವೆ ಸುತ್ತಿಕೊಂಡಿದ್ದಳು. ನಿದ್ದೆಗೆಟ್ಟ ಕಣ್ಣುಗಳು ಕೆಂಪಗೆ ಊದಿಕೊಂಡಿದ್ದವು.

"ನೀ? ಹಡದ ತಾಯಿ ನೀ?" ಭೀಮವ್ವ ಮಗಳ ಕಡೆ ತಿರುಗಿದಳು.

"ಹೂಂ, ನಾನೇ. ನಿನ್ನೆ ಪಾಳಿಗೆ ಹೋಗುವಾಗ ಇವರು ಏನಂದ್ರು, ನೀನೂ ಕೇಳಿದ್ದೆಲ್ಲ? ಹಾವು ತಣ್ಣಗಾಗಿ ಸತ್ರ ನೀನೂ ನಿನ್ನ ಕೂಸೂ ಈ ಮನಿಯಾಗ ಇರಬ್ಯಾಡ್ರಿ ಅಂದ್ರು. ಆಮ್ಯಾಲೆ ನೀ ಏನಂದಿ? ನನ್ನ ತಮ್ಮ ಸಿಟ್ಟಿನಂವ, ಎದುರು ಮಾತಾಡಬ್ಯಾಡ, ಹ್ಯಾಂಗರ ಮಾಡಿ ಬೆಚ್ಚಗಿಡು ಅಂದಿ. ಮನಿಯಾಗ ಬೆಚ್ಚಗಿದ್ದ ಜಾಗಾ ಇದೊಂದೇ ಇತ್ತು. ಬೆಳತನಕ ಚೀಲದ ಬಾಯಿ ಮುಷ್ಟಿಯಾಗ ಹಿಡಕೊಂಡು ಕುಂತೀನಿ. ಈಗ ಜಳಕಕ್ಕ ಎದ್ದೀನಿ, ಅಷ್ಟೇ."

ಹೌದು, ಭೀಮವ್ವ ಅಂದಿದ್ದಳು. ಅಂದು, ಕಂಬಳಿ ಎಳೆದುಕೊಂಡು ಗೊರಕೆ ಹೊಡೆದಿದ್ದಳು. ತಮ್ಮನಾದರೂ ಕೆನ್ನೆ ಬಡಿದುಕೊಂಡು ತಪ್ಪಾಯಿತು ಅನ್ನಲಿ ಎಂದು ಅವನ ಮುಖ ನೋಡಿದಳು.

ಶಿವರಾಜ ಕೂಸಿನ ಕಡೆ ಕಣ್ಣೆತ್ತಲಿಲ್ಲ. ಇಬ್ಬರ ನಡುವೆ ನುಸುಳಿ ಹೋಗಿ ತೊಟ್ಟಿಲಿನಿಂದ ಚೀಲ ಎತ್ತಿಕೊಂಡ. ಗಂಟು ಬಿಚ್ಚಿ ಒಳಗೆ ಕೈ ಹಾಕಿದ. ಅವನ ಮುಖ ಅರಳಿತು.

"ಎರಡೂ ಜೀವಂತ ಅದಾವು! ಭಾಳ ಶಾಣ್ಯಾಕಿ ನೀ, ತ್ರಿವೇಣಿ. ಅಕ್ಕಾ, ಇವಕ್ಕ ವಿಷ ಇಲ್ಲ, ಸುಮ್ನ ಯಾಕ ಬಾಯಿ ಮಾಡ್ತಿ? ಇವತ್ತೂ ಕರೆಂಟ್ ಬರೂದಿಲ್ಲಂತ. ಸಂಜೀಕೂ ಅಲ್ಲೇ ಇಡೂಣು."

ಊರಲ್ಲಿ ನಾಲ್ಕು ಮಂದಿಯ ಬಾಯಿ ಮುಚ್ಚಿಸುತ್ತಿದ್ದ ಭೀಮವ್ವ ತಲೆ ತಗ್ಗಿಸಿ ಕೂಸಿನ ಕುಲಾಯಿ ಸರಿಮಾಡಿದಳು. ತ್ರಿವೇಣಿ ಗಂಡನನ್ನು ಒಮ್ಮೆ ನೋಡಿದಳು, ತಾಯಿಯನ್ನೂ ಒಮ್ಮೆ ನೋಡಿದಳು. ತಾಯಿಯ ತೋಳಿನಿಂದ ಕೂಸನ್ನು ತೆಗೆದುಕೊಂಡು ಶಾಲಿನಲ್ಲಿ ಸುತ್ತಿದಳು. ಕಿವಿ ಮುಚ್ಚುವಂತೆ ಸ್ಕಾರ್ಫ್ ಬಿಗಿದು, ಕಾಲಿಗೆ ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ? ಹಸಿ ಬಾಣಂತಿ ನೀ, ಗಾಳಿ ಹೊಡದೀತು!" ಭೀಮವ್ವ ಬಾಗಿಲಿಗೆ ಅಡ್ಡ ಬಂದಳು.

"ಎಳಿಬಿಸಲು ಬಿದ್ದದ. ಕೂಸಿಗೆ ತೋರಿಸ್ಕೊಂಡು ಬರ್ತೀನಿ."

ಎಳೆಗೂಸಿಗೆ ಎಳೆಬಿಸಿಲು ಬೇಕೇ ಬೇಕು. ಭೀಮವ್ವ ದಾರಿ ಬಿಟ್ಟಳು.

ಎರೆಯಲು ಕಾಯಿಸಿದ ನೀರು ತಣ್ಣಗಾಯಿತು. ಶಿವರಾಜ ಉಂಡು ಮಲಗಿದ. ಹತ್ತಾಯಿತು, ಹನ್ನೊಂದಾಯಿತು. ಭೀಮವ್ವ ಮಾಳಿಗೆ ಹತ್ತಿ ನೋಡಿದಳು. ಯಾರದೋ ಸೀರೆಗಳು ಒಣಗುತ್ತಿದ್ದವು. ಕೆಳಗಿಳಿದು, ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಮರಾಠಿ ಮುದುಕಿಯನ್ನು ಕೈಸನ್ನೆಯಲ್ಲಿ ಕೇಳಿದಳು. ಕೂಸನ್ನು ಕಟ್ಟಿಕೊಂಡು ಬೆಳಿಗ್ಗೆಯೇ ರಿಕ್ಷಾ ಹತ್ತಿ ಹೋದಳಲ್ಲ ಎಂದು ಮುದುಕಿ ರಸ್ತೆಯ ಕಡೆ ಕೈ ಮಾಡಿದಳು.

ಸಂಜೆಯಾಯಿತು, ಮರುದಿನವೂ ಆಯಿತು. ಸ್ಟೇಷನ್ನು, ದವಾಖಾನೆ, ಪರಿಚಯದವರ ಮನೆ ಎಲ್ಲ ತಿರುಗಿ ಬಂದ ಶಿವರಾಜ ಕುರ್ಚಿಯಲ್ಲಿ ಕುಸಿದ. "ಎಲ್ಲಿ ಹೋಗ್ತಾಳ ಅಕ್ಕಾ? ಹೊತ್ತು ಹಿಡಿದೀತು, ಆದ್ರ ತವರಿಗೇ ಹೋಗ್ತಾಳ."

ಭೀಮವ್ವ ಗೋಡೆಗೆ ಒರಗಿ ಕೂತಲ್ಲಿಂದಲೇ ತಮ್ಮನ ಕಡೆ ತಿರುಗಿದಳು.

"ಅಕ್ಕನ ಮನಿ ಅಂದ್ರ ಇಂಡಿ ಮನೀನೂ ನಿಂದೇ ಅಲ್ಲೇನೋ? ನಿನಗೇ ಕೊಟ್ಟು ಆಕಿಗೆ ನಾ ತವರು ಎಲ್ಲಿ ಉಳಿಸೀನಿ?"